ಟಿಕೆಟ್.ಒ ಫೈಲಿನ ಹೊಟ್ಟೆಯೊಳಗೆ: ಆಬ್ಜ್‌ಡಂಪ್ ಓದುವ ಬಗೆ

ಮಳೆಗಾಲದ ಒಂದು ರಾತ್ರಿ, ಕರೆಂಟು ಹೋಗುತ್ತಾ ಬರುತ್ತಾ ಆಟ ಆಡುತ್ತಿದ್ದ ಹೊತ್ತಿಗೆ, ಬದಿಯಡ್ಕದಿಂದ ತಂಗಿಯ ಮಗ ಫೋನ್ ಮಾಡಿದ. ಎಂಜಿನಿಯರಿಂಗ್ ಎರಡನೇ ವರ್ಷ. ಸ್ವರ ಕೇಳಿದ ಕೂಡಲೇ ಗೊತ್ತಾಯಿತು, ಏನೋ ಎಡವಟ್ಟಾಗಿದೆ.

"ಮಾವ, ನನ್ನ ಟಿಕೆಟ್.ಸಿ ಹೋಯ್ತು. ಒ ಫೈಲ್ ಮಾತ್ರ ಉಂಟು. ಅದರಿಂದ ವಾಪಸ್ ತೆಗೀಲಿಕ್ಕೆ ಆಗ್ತದಾ?"

ಆದದ್ದು ಇಷ್ಟು. ಬಸ್ಸಿನ ಟಿಕೆಟ್ ಲೆಕ್ಕ ಮಾಡುವ ಒಂದು ಪುಟ್ಟ ಸಿ ಪ್ರೋಗ್ರಾಂ ಬರೆದಿದ್ದ. ಮೊದಲು ಜಿಸಿಸಿಗೆ (ಸಿ ಕೋಡನ್ನು ಪ್ರೊಸೆಸರಿಗೆ ಅರ್ಥವಾಗುವ ಮೆಷಿನ್ ಕೋಡಿಗೆ ತಿರುಗಿಸುವ ಕಂಪೈಲರ್ ಅದು) -ಸಿ ಕೊಟ್ಟು ಟಿಕೆಟ್.ಒ ಮಾಡಿಕೊಂಡ. ಅಲ್ಲಿಯವರೆಗೆ ಸರಿ. ಅದನ್ನು ಲೈಬ್ರರಿಯೊಂದಿಗೆ ಜೋಡಿಸಿ ಓಡುವ ಪ್ರೋಗ್ರಾಂ ಮಾಡುವಾಗ, ಅಂದರೆ ಲಿಂಕ್ ಮಾಡುವಾಗ, ನಿದ್ದೆಗಣ್ಣಿನಲ್ಲಿ ಹೀಗೆ ಹೊಡೆದ:

ಜಿಸಿಸಿ ಟಿಕೆಟ್.ಒ -ಒ ಟಿಕೆಟ್.ಸಿ

-ಒ ಆದ ಮೇಲೆ ಬರುವ ಹೆಸರಿಗೇ ಜಿಸಿಸಿ ತನ್ನ ಔಟ್‌ಪುಟ್ ಬರೆಯುತ್ತದೆ. ಒಂದು ಮಾತೂ ಕೇಳದೆ ಬರೆಯಿತು. ಅವನ ಸೋರ್ಸ್ ಕೋಡ್ ಇದ್ದ ಜಾಗದಲ್ಲಿ ಈಗ ಮೆಷಿನ್ ಕೋಡ್.

(ಕಮಾಂಡುಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆಯುತ್ತಿದ್ದೇನೆ. ನೀವು ಟರ್ಮಿನಲ್ಲಿನಲ್ಲಿ ಇಂಗ್ಲಿಷ್ ಕೀಲಿಗಳಲ್ಲೇ ಹೊಡೆಯಬೇಕು. ಆಪ್ಷನ್ನಿನ ಅಕ್ಷರ ಕ್ಯಾಪಿಟಲ್ ಆಗಬೇಕಾದ ಕಡೆ 'ದೊಡ್ಡ' ಎಂದು ಹೇಳುತ್ತೇನೆ, ಇದರಲ್ಲಿ ತಪ್ಪಿದರೆ ಬೇರೆಯೇ ಕೆಲಸ ಆಗಿಬಿಡುತ್ತದೆ.)

ಮೊದಲೇ ಹೇಳಿಬಿಡುತ್ತೇನೆ, ಅವನಿಗೂ ಅದನ್ನೇ ಹೇಳಿದೆ: ಸಿ ಕೋಡ್ ವಾಪಸ್ ಬರುವುದಿಲ್ಲ. ಹಲಸಿನ ಹಪ್ಪಳ ನೋಡಿ ಇದರಲ್ಲಿ ಮೆಣಸು ಎಷ್ಟು, ಉಪ್ಪು ಎಷ್ಟು, ತೊಳೆ ಬೆಳೆದದ್ದೋ ಎಳತೋ ಅಂತ ಅತ್ತೆ ಹೇಳಿಯಾರು. ಹಪ್ಪಳದಿಂದ ಹಲಸಿನಕಾಯಿ ಮಾಡಲು ಆಗುತ್ತದಾ? ಆದರೆ ಒಳಗೆ ಏನೇನಿದೆ ಎಂದು ತಿಳಿಯಲು ಆಗುತ್ತದೆ. ಅದಕ್ಕಿರುವ ಉಪಕರಣವೇ ಆಬ್ಜ್‌ಡಂಪ್.

ಇದು ಗ್ನೂ ಬೈನ್‌ಯುಟಿಲ್ಸ್ ಎಂಬ ಪ್ಯಾಕೇಜಿನ ಭಾಗ. ಉಬುಂಟುವಿನಲ್ಲಿ ಜಿಸಿಸಿ ಹಾಕಿಕೊಂಡರೆ ಜೊತೆಗೇ ಬರುತ್ತದೆ. ಈ ವಿಷಯದಲ್ಲಿ ನಮ್ಮ ಕಾಸರಗೋಡಿನ ಮಕ್ಕಳು ಅದೃಷ್ಟವಂತರು. ಕೇರಳದ ಶಾಲೆಗಳಲ್ಲಿ ಕೈಟ್ (ಶಾಲೆಗಳ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ) ಕೊಡುವುದೇ ಉಬುಂಟು ಆಧಾರಿತ ಲಿನಕ್ಸ್, ಕನ್ನಡ ಮಾಧ್ಯಮದ ಶಾಲೆಯ ಕಂಪ್ಯೂಟರಿನಲ್ಲೂ ಅದೇ. ಟರ್ಮಿನಲ್ ಅಂದರೆ ಹೆದರುವ ವಯಸ್ಸಿಗೆ ಮೊದಲೇ ಅದನ್ನು ನೋಡಿರುತ್ತಾರೆ.

ಮೊದಲು ಅವನಿಗೆ 'ಫೈಲ್' ಎಂಬ ಕಮಾಂಡನ್ನು ಟಿಕೆಟ್.ಸಿ ಮೇಲೆ ಓಡಿಸಲು ಹೇಳಿದೆ. ಹೆಸರಿನ ಬಾಲ .ಸಿ ಇದ್ದರೂ ಅದು "ಎಲ್ಫ್ 64 ಬಿಟ್" ಎಂದು ಉತ್ತರ ಕೊಟ್ಟಿತು. ಹೆಸರು ನೋಡಿ ಮರುಳಾಗುವವರು ನಾವು ಮಾತ್ರ. ಎಲ್ಫ್ ಅಂದರೆ ಲಿನಕ್ಸಿನಲ್ಲಿ ಮೆಷಿನ್ ಕೋಡ್ ಇಡುವ ಫೈಲಿನ ನಮೂನೆ. ಎಲ್ಫ್ ಫೈಲುಗಳೆಲ್ಲ 7ಎಫ್ 45 4ಸಿ 46 ಎಂಬ ನಾಲ್ಕು ಬೈಟುಗಳಿಂದ ಶುರುವಾಗುತ್ತವೆ, ಅದರಲ್ಲಿ ಕೊನೆಯ ಮೂರು 'ಇ', 'ಎಲ್', 'ಎಫ್' ಅಕ್ಷರಗಳೇ. ಉಪಕರಣಗಳು ನೋಡುವುದು ಆ ಜಾತಕವನ್ನು.

ಈಗ ಟಿಕೆಟ್.ಒ. ಆಬ್ಜೆಕ್ಟ್ ಫೈಲ್ ಎಂದರೆ ಕಂಪೈಲ್ ಆದ, ಆದರೆ ಇನ್ನೂ ಲಿಂಕ್ ಆಗದ ತುಂಡು. ಅದರೊಳಗೆ ಬೇರೆ ಬೇರೆ ಕೋಣೆಗಳಿವೆ, ಸೆಕ್ಷನ್ ಎನ್ನುತ್ತಾರೆ. ಟೆಕ್ಸ್ಟ್ ಎಂಬ ಕೋಣೆಯಲ್ಲಿ ಕೋಡ್ (ಹೆಸರು ಟೆಕ್ಸ್ಟ್, ಒಳಗೆ ಇರುವುದು ಟೆಕ್ಸ್ಟ್ ಅಲ್ಲ, ಯಾರು ಇಟ್ಟರೋ!), ಡೇಟಾದಲ್ಲಿ ಬೆಲೆ ಕೊಟ್ಟ ಗ್ಲೋಬಲ್ ವೇರಿಯಬಲ್ಲುಗಳು, ಬಿಎಸ್‌ಎಸ್‌ನಲ್ಲಿ ಸೊನ್ನೆಯಿಂದ ಶುರುವಾಗುವವು, ರೋಡೇಟಾದಲ್ಲಿ ಬದಲಾಗದ ಸ್ಟ್ರಿಂಗುಗಳು. -ಎಚ್ ಕೊಟ್ಟರೆ ಆಬ್ಜ್‌ಡಂಪ್ ಈ ಕೋಣೆಗಳ ಪಟ್ಟಿ ಕೊಡುತ್ತದೆ, -ಟಿ ಕೊಟ್ಟರೆ ಹೆಸರುಗಳ ಪಟ್ಟಿ. ಎರಡನ್ನೂ ಒಮ್ಮೆ ನೋಡಿ ಮುಂದೆ ಹೋಗಿ. ಅಸಲು ವಿಷಯ ಇದು:

ಆಬ್ಜ್‌ಡಂಪ್ -ಡಿ ಟಿಕೆಟ್.ಒ

ಸಣ್ಣ ಡಿ ಅಂದರೆ ಡಿಸ್‌ಅಸೆಂಬಲ್. ಕೋಡ್ ಇರುವ ಕೋಣೆಗಳನ್ನು ಮಾತ್ರ ತೆಗೆದು, ಅಲ್ಲಿನ ಬೈಟುಗಳನ್ನು ಓದಿ, ಅಸೆಂಬ್ಲಿ ಭಾಷೆಯಲ್ಲಿ, ಅಂದರೆ ಪ್ರೊಸೆಸರಿನ ಸೂಚನೆಗಳನ್ನು ನಾವು ಓದಬಹುದಾದ ಪದಗಳಲ್ಲಿ, ತೋರಿಸುತ್ತದೆ. ಪ್ರೋಗ್ರಾಮನ್ನು ಓಡಿಸುವುದಿಲ್ಲ, ಸುಮ್ನೆ ಓದುತ್ತದೆ ಅಷ್ಟೆ. ಅವನ ಫೈಲಿನಲ್ಲಿ ಎರಡು ಸಂಖ್ಯೆ ಕೂಡಿಸುವ 'ಕೂಡು' ಎಂಬ ಫಂಕ್ಷನ್ ಇತ್ತು. ಅದರ ಹೂರಣ ಹೀಗೆ ಬಂತು:

0: ಎಫ್3 0ಎಫ್ 1ಇ ಎಫ್‌ಎ — ಎಂಡ್‌ಬಿಆರ್64
4: 55 — ಪುಶ್ %ಆರ್‌ಬಿಪಿ
5: 48 89 ಇ5 — ಮೂವ್ %ಆರ್‌ಎಸ್‌ಪಿ, %ಆರ್‌ಬಿಪಿ
8: 89 7ಡಿ ಎಫ್‌ಸಿ — ಮೂವ್ %ಇಡಿಐ, -0ಎಕ್ಸ್4(%ಆರ್‌ಬಿಪಿ)
ಬಿ: 89 75 ಎಫ್8 — ಮೂವ್ %ಇಎಸ್‌ಐ, -0ಎಕ್ಸ್8(%ಆರ್‌ಬಿಪಿ)
ಇ: 8ಬಿ 55 ಎಫ್‌ಸಿ — ಮೂವ್ -0ಎಕ್ಸ್4(%ಆರ್‌ಬಿಪಿ), %ಇಡಿಎಕ್ಸ್
11: 8ಬಿ 45 ಎಫ್8 — ಮೂವ್ -0ಎಕ್ಸ್8(%ಆರ್‌ಬಿಪಿ), %ಇಎಎಕ್ಸ್
14: 01 ಡಿ0 — ಆಡ್ %ಇಡಿಎಕ್ಸ್, %ಇಎಎಕ್ಸ್
16: 5ಡಿ — ಪಾಪ್ %ಆರ್‌ಬಿಪಿ
17: ಸಿ3 — ರೆಟ್

ಎಡಗಡೆಯದು ಜಾಗದ ನಂಬರು, ಹದಿನಾರರ ಲೆಕ್ಕದಲ್ಲಿ. ಅದಕ್ಕೇ 8 ಆದ ಮೇಲೆ ಬಿ ಬಂದದ್ದು, ಅಂದರೆ 11. ನಡುವಿನದು ನಿಜವಾಗಿ ಫೈಲಿನಲ್ಲಿರುವ ಬೈಟುಗಳು. ಬಲಗಡೆಯದು ಆಬ್ಜ್‌ಡಂಪ್ ಮಾಡಿದ ಅರ್ಥ. ಈ ವ್ಯತ್ಯಾಸ ನೆನಪಿಡಿ: ಫೈಲಿನಲ್ಲಿ ಇರುವುದು ನಡುವಿನ ಕಾಲಂ ಮಾತ್ರ, ಬಲಗಡೆಯದು ಅರ್ಥಧಾರಿ ಹೇಳಿದ ಅರ್ಥ.

ಮೊದಲ ಸಾಲಿನ ಎಂಡ್‌ಬಿಆರ್64 ನೋಡಿ ತಲೆ ಕೆಡಿಸಿಕೊಳ್ಳಬೇಡಿ. ಪ್ರೋಗ್ರಾಮನ್ನು ದಾರಿ ತಪ್ಪಿಸುವ ದಾಳಿ ತಡೆಯಲು ಇಂಟೆಲ್ ತಂದ ಗುರುತುಕಲ್ಲು ಅದು, ಉಬುಂಟುವಿನ ಜಿಸಿಸಿ ತಾನಾಗಿಯೇ ಹಾಕುತ್ತದೆ, ಹಳೇ ಪ್ರೊಸೆಸರುಗಳು ಅದನ್ನು ಕಂಡೂ ಕಾಣದ ಹಾಗೆ ದಾಟಿ ಹೋಗುತ್ತವೆ. ನಂತರದ ಎರಡು ಸಾಲು ಫಂಕ್ಷನ್ನಿಗೆ ಕೂರಲು ಜಾಗ ಮಾಡುವುದು. ಲಿನಕ್ಸಿನಲ್ಲಿ ಮೊದಲ ಎರಡು ಸಂಖ್ಯೆಗಳು ಇಡಿಐ, ಇಎಸ್‌ಐ ಎಂಬ ರಿಜಿಸ್ಟರುಗಳಲ್ಲಿ (ಪ್ರೊಸೆಸರಿನೊಳಗಿನ ಪುಟ್ಟ ಖಾನೆಗಳಲ್ಲಿ) ಬರುತ್ತವೆ, ಉತ್ತರ ಇಎಎಕ್ಸ್‌ನಲ್ಲಿ ಹೋಗುತ್ತದೆ. ಇಷ್ಟು ಗೊತ್ತಿದ್ದರೆ ಸಾಕು, ಇದು ಎರಡು ಸಂಖ್ಯೆ ತೆಗೆದುಕೊಂಡು, ಕೂಡಿಸಿ, ಉತ್ತರ ಕೊಡುವ ಫಂಕ್ಷನ್ ಅಂತ ಕಣ್ಣಿಗೇ ಕಾಣುತ್ತದೆ. ಕೈಗೆ ಬಂದ ಸಂಖ್ಯೆಗಳನ್ನು ಮೆಮೊರಿಯಲ್ಲಿಟ್ಟು ಮತ್ತೆ ಅಲ್ಲಿಂದಲೇ ಎತ್ತಿಕೊಳ್ಳುವ ಪೆದ್ದು ಕೆಲಸ ಯಾಕೆ ಅಂದರೆ, ಆಪ್ಟಿಮೈಸ್ ಮಾಡಲು ನಾವು ಹೇಳಿಲ್ಲ. ದೊಡ್ಡ ಒ ಜೊತೆ 2 ಹಾಕಿ, ಅಂದರೆ -ಒ2, ಮತ್ತೆ ಕಂಪೈಲ್ ಮಾಡಿದರೆ ಇದೇ ಫಂಕ್ಷನ್ ಮೂರು ಸಾಲಿಗೆ ಇಳಿಯುತ್ತದೆ: ಎಂಡ್‌ಬಿಆರ್64, ಆಮೇಲೆ 8ಡಿ 04 37, ಆಮೇಲೆ ರೆಟ್. ಆ ನಡುವಿನದ್ದು ಎಲ್‌ಇಎ ಎಂಬ ಸೂಚನೆ. ಅದು ಹುಟ್ಟಿದ್ದು ಮೆಮೊರಿಯ ವಿಳಾಸ ಲೆಕ್ಕ ಹಾಕಲು, ಆದರೆ ವಿಳಾಸವೂ ಒಂದು ಸಂಖ್ಯೆಯೇ ಅಲ್ವಾ, ಎರಡು ಸಂಖ್ಯೆ ಕೂಡಿಸಿ ಮೂರನೇ ಕಡೆ ಇಡಲು ಕಂಪೈಲರ್ ಅದನ್ನೇ ದುಡಿಸಿಕೊಳ್ಳುತ್ತದೆ. 'ಆಡ್' ಎಂಬ ಪದವೇ ಇಲ್ಲ, ಕೂಡುವ ಕೆಲಸ ಮಾತ್ರ ಆಗಿದೆ.

ಇಲ್ಲಿ ಹೊಸಬರು ಎಡವುವ ಒಂದು ಜಾಗ: ಯಾವುದು ಯಾವುದಕ್ಕೆ ಹೋಗುತ್ತದೆ? ಶಾಲೆಯಲ್ಲಿ ಪತ್ರ ಬರೆಯುವಾಗ ಮೇಲೆ 'ಇಂದ' ಬರೆದು ಕೆಳಗೆ 'ಇವರಿಗೆ' ಬರೆಯುತ್ತಿದ್ದೆವಲ್ಲ, ಆಬ್ಜ್‌ಡಂಪ್ ಮಾಮೂಲಾಗಿ ತೋರಿಸುವ ಎಟಿ ಅಂಡ್ ಟಿ ಶೈಲಿ ಹಾಗೆಯೇ, ಮೊದಲು ಎಲ್ಲಿಂದ, ಆಮೇಲೆ ಎಲ್ಲಿಗೆ. ಇಂಟೆಲ್ ಶೈಲಿ ಉಲ್ಟಾ, ಮೊದಲೇ 'ಇವರಿಗೆ'. ನೆಟ್ಟಿನಲ್ಲಿ ಸಿಗುವ ಪಾಠಗಳಲ್ಲಿ ಅರ್ಧ ಹೀಗೆ, ಅರ್ಧ ಹಾಗೆ. ದೊಡ್ಡ ಎಂ ಹಾಕಿ -ಎಂ ಇಂಟೆಲ್ ಎಂದರೆ ಎರಡನೇ ಶೈಲಿ ಬರುತ್ತದೆ. ನನಗೆ ಅದೇ ಇಷ್ಟ, ಶೇಕಡಾ ಚಿಹ್ನೆಗಳ ಕಾಟವೂ ಇಲ್ಲ.

ಇನ್ನು ಮೇನ್ ಫಂಕ್ಷನ್. ಅದರಲ್ಲಿ ಅವನು ನಿಲ್ದಾಣದ ಹೆಸರು "Uppala" ಪ್ರಿಂಟ್ ಮಾಡಿಸಿದ್ದ ಅಂತ ನೆನಪು. ಅದೂ ಒಂದು ಹೊಸ ಸಾಲಿನ ಗುರುತಿನೊಂದಿಗೆ, ಪ್ರಿಂಟ್‌ಎಫ್ ಬಳಸಿ. ಡಂಪಿನಲ್ಲಿ ಕಂಡದ್ದು ಹೀಗೆ (ಅರ್ಥ ಆಗಲಿ ಅಂತ ಮೇನ್ ಒಂದನ್ನೇ ಸೊನ್ನೆಯಿಂದ ಎಣಿಸಿದ್ದೇನೆ):

12: ಇ8 00 00 00 00 — ಕಾಲ್ 17
17: ಬಿ8 00 00 00 00 — ಮೂವ್ $0ಎಕ್ಸ್0, %ಇಎಎಕ್ಸ್

"ಇದೆಂತ ಮಾವ? 12ರಲ್ಲಿ ಇರುವವ 17ನ್ನು ಕರೀತಾನೆ. 17 ಅಂದ್ರೆ ಮುಂದಿನ ಸಾಲೇ ಅಲ್ವಾ? ತನ್ನ ಮುಂದಿನ ಮನೆಗೆ ಹೋಗ್ಲಿಕ್ಕೆ ಆಟೋ ಮಾಡಿದ ಹಾಗೆ ಆಯ್ತು."

ಒಳ್ಳೇ ಪ್ರಶ್ನೆ. ನಿಜಕ್ಕೂ ಆಬ್ಜೆಕ್ಟ್ ಫೈಲಿನ ಗುಟ್ಟು ಇಲ್ಲೇ ಇರುವುದು. ಮದುವೆ ಕಾಗದದ ಕವರು ನೆನಪಿಸಿಕೊಳ್ಳಿ. ಪ್ರೆಸ್ಸಿನಿಂದ ಬರುವಾಗ 'ಶ್ರೀ' ಎಂದು ಅಚ್ಚಾಗಿ ಮುಂದೆ ಖಾಲಿ ಗೆರೆ ಇರುತ್ತದೆ. ಯಾರ ಹೆಸರು ಅಂತ ಪ್ರೆಸ್ಸಿನವನಿಗೆ ಹೇಗೆ ಗೊತ್ತಾಗಬೇಕು? ಹೆಸರುಗಳ ಪಟ್ಟಿ ಅಜ್ಜನ ಹತ್ತಿರ ಬೇರೆಯೇ ಇರುತ್ತದೆ. ಕಂಪೈಲರ್ ಕೂಡ ಹಾಗೆಯೇ. ಪ್ರಿಂಟ್ ಮಾಡುವ ಫಂಕ್ಷನ್ ಸಿ ಲೈಬ್ರರಿಯಲ್ಲಿ ಎಲ್ಲೋ ಇದೆ, ಅದರ ವಿಳಾಸ ಈಗ ಗೊತ್ತಿಲ್ಲ. ಇ8 ಅಂದರೆ 'ಕಾಲ್' ಎಂದು ಅಚ್ಚು ಹಾಕಿ, ಮುಂದಿನ ನಾಲ್ಕು ಬೈಟು ಸೊನ್ನೆ ಬಿಡುತ್ತದೆ. ಕಾಲ್ ಸೂಚನೆಯಲ್ಲಿ ಇರುವುದು ದೂರ, ಅದೂ ಮುಂದಿನ ಸೂಚನೆಯಿಂದ ಅಳೆದ ದೂರ. ದೂರ ಸೊನ್ನೆ ಅಂದರೆ ಮುಂದಿನ ಸೂಚನೆಯೇ. ಆಬ್ಜ್‌ಡಂಪ್ ಪಾಪ, ಇದ್ದದ್ದನ್ನು ಇದ್ದ ಹಾಗೆ ಓದಿ 17 ಎಂದಿತು.

ಅಜ್ಜನ ಪಟ್ಟಿ ನೋಡಲು -ಡಿ ಜೊತೆ -ಆರ್ ಕೊಡಬೇಕು. ಆರ್ ಅಂದರೆ ರಿಲೊಕೇಶನ್. ಆಗ ಅದೇ ಕಾಲ್ ಸಾಲಿನ ಕೆಳಗೆ ಇನ್ನೊಂದು ಸಾಲು ಬರುತ್ತದೆ: 13ರ ಜಾಗದಲ್ಲಿ, ಪಿಎಲ್‌ಟಿ32 ಬಗೆಯದು, ಪುಟ್ಸ್-0ಎಕ್ಸ್4. ಅಂದರೆ 13ರಿಂದ ಶುರುವಾಗುವ ಖಾಲಿ ಜಾಗದಲ್ಲಿ 'ಪುಟ್ಸ್' ಎಂಬುದಕ್ಕೆ ಹೋಗುವ ದೂರ ತುಂಬು ಎಂದು ಲಿಂಕರಿಗೆ ಬರೆದಿಟ್ಟ ಚೀಟಿ. ಆ ನಾಲ್ಕು ಕಳೆಯುವುದು ಯಾಕೆ ಅಂತ ನಾನೂ ಮೊದಲ ಸಲ ತುಂಬಾ ಹೊತ್ತು ತಲೆ ಕೆರೆದುಕೊಂಡಿದ್ದೆ. ಲಿಂಕರ್ ದೂರ ಅಳೆಯುವುದು ಖಾಲಿ ಜಾಗ ಇರುವ 13ರಿಂದ. ಪ್ರೊಸೆಸರ್ ಅಳೆಯುವುದು 17ರಿಂದ. ನಡುವೆ ನಾಲ್ಕು ಬೈಟು ವ್ಯತ್ಯಾಸ, ಅದನ್ನು ಮೊದಲೇ ಕಳೆದಿಟ್ಟಿದ್ದಾರೆ, ಅಷ್ಟೇ.

ಇನ್ನೊಂದು ಗಮನಿಸಿದಿರಾ? ಅವನು ಬರೆದದ್ದು ಪ್ರಿಂಟ್‌ಎಫ್, ಒಳಗೆ ಕಂಡದ್ದು ಪುಟ್ಸ್. ಹೊಸ ಸಾಲಿನಿಂದ ಮುಗಿಯುವ ಬರೀ ಸ್ಟ್ರಿಂಗ್ ಆದರೆ ಜಿಸಿಸಿ ಅದನ್ನು ಪುಟ್ಸ್ ಮಾಡಿಬಿಡುತ್ತದೆ, ಆಪ್ಟಿಮೈಸ್ ಮಾಡಲು ಹೇಳದಿದ್ದರೂ. ಕೆಲಸ ಹಗುರ ಆಗುತ್ತದೆ ಅಂತ. ಹಾಗಾಗಿ ಡಂಪ್ ನೋಡಿ "ನೀನು ಪುಟ್ಸ್ ಬರೆದಿದ್ದೆ" ಅಂತ ಹೇಳಿದರೆ ತಪ್ಪು. ಹಪ್ಪಳದ ಮಾತು ನೆನಪಿದೆಯಲ್ಲ?

ನನ್ನ ಅಳಿಯನಿಗೆ ತಾಳ್ಮೆ ಕಡಿಮೆ. ಇನ್ನೂ ಜಾಸ್ತಿ ಸಿಗಲಿ ಅಂತ ದೊಡ್ಡ ಡಿ ಹಾಕಿದ. ದೊಡ್ಡ ಡಿ ಅಂದರೆ ಎಲ್ಲಾ ಕೋಣೆಗಳನ್ನೂ, ಕೋಡ್ ಇರಲಿ ಇಲ್ಲದಿರಲಿ, ಕೋಡ್ ಎಂದೇ ಓದು ಅಂತ ಅಪ್ಪಣೆ. ರೋಡೇಟಾದಲ್ಲಿ ಇದ್ದದ್ದು ಬರೀ "Uppala" ಎಂಬ ಅಕ್ಷರಗಳು, ಬೈಟಿನಲ್ಲಿ 55 70 70 61 6ಸಿ 61. ಆಬ್ಜ್‌ಡಂಪ್ ಅದನ್ನೂ ಗಂಭೀರವಾಗಿ ಓದಿತು: 55 ಅಂದರೆ ಪುಶ್ %ಆರ್‌ಬಿಪಿ. 70 70 ಅಂದರೆ ಓವರ್‌ಫ್ಲೋ ಆಗಿದ್ದರೆ ಅಷ್ಟು ದೂರ ಹಾರು. 61 ಅಂದರೆ 'ಬ್ಯಾಡ್'. 6ಸಿ ಅಂದರೆ ಪೋರ್ಟಿನಿಂದ ಒಂದು ಬೈಟು ಓದು. 61 ಮತ್ತೆ 'ಬ್ಯಾಡ್'. ಉಪ್ಪಳದ ಹೆಸರಿನ ಮೊದಲ ಅಕ್ಷರ, ಕೂಡು ಫಂಕ್ಷನ್ನಿನಲ್ಲಿ ಎರಡನೇ ಸಾಲಿನಲ್ಲಿ ಕಂಡ ಅದೇ 55. ನೋಡಿದರೆ ಒಂದು ಫಂಕ್ಷನ್ ಶುರುವಾದ ಹಾಗೇ ಇದೆ! ಸ್ಟ್ರಿಂಗ್ ನೋಡಬೇಕಿದ್ದರೆ -ಎಸ್ ಜೊತೆ -ಜೆ ರೋಡೇಟಾ ಅಂತ ಕೊಡಿ (ಸೆಕ್ಷನ್ ಹೆಸರಿನ ಮುಂದೆ ಚುಕ್ಕಿ ಹಾಕಲು ಮರೆಯಬೇಡಿ), ಬೈಟುಗಳ ಪಕ್ಕದಲ್ಲೇ ಅಕ್ಷರಗಳನ್ನೂ ತೋರಿಸುತ್ತದೆ.

ಆಬ್ಜ್‌ಡಂಪ್ ಬಗ್ಗೆ ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇದೇ. ಬೈಟು ಕೊಟ್ಟರೆ ಅದಕ್ಕೆ ಒಂದು ಅರ್ಥ ಹೇಳಿಯೇ ಹೇಳುತ್ತದೆ. ಆ ಅರ್ಥ ಅಲ್ಲಿ ಹೊಂದುತ್ತದೋ ಇಲ್ಲವೋ ಅಂತ ನೋಡುವುದು ನಮ್ಮ ತಲೆಬೇನೆ.

ಕೋಡ್ ಕೋಣೆಯಲ್ಲೇ ಇದ್ದರೂ ಈ ಮೋಸ ಆಗಬಹುದು. ಬಸ್ಸಿನ ಮುಂದಿನ ಬೋರ್ಡಿಗೆ ಹೂವಿನ ಮಾಲೆ ಹಾಕಿರುತ್ತಾರಲ್ಲ, ಅದು ಜಾರಿ 'ಕುಂಬಳೆ'ಯ ಮೊದಲ ಅಕ್ಷರ ಮುಚ್ಚಿದರೆ ಏನು ಉಳಿಯುತ್ತದೆ? ಬಳೆ. ಒಳ್ಳೇ ಕನ್ನಡ ಪದವೇ, ತಪ್ಪೇನಿಲ್ಲ, ಆದರೆ ಆ ಬಸ್ಸು ಬಳೆಗೆ ಹೋಗುವುದಿಲ್ಲ. ಇಂಟೆಲ್ ಬಗೆಯ ಪ್ರೊಸೆಸರುಗಳಲ್ಲಿ ಒಂದು ಸೂಚನೆ 1 ಬೈಟಿನಿಂದ 15 ಬೈಟಿನವರೆಗೆ ಎಷ್ಟು ಉದ್ದ ಬೇಕಾದರೂ ಇರಬಹುದು, ನಡುವೆ ಬಿಡಿಸಿ ಬರೆಯುವ ಪದ್ಧತಿ ಇಲ್ಲ. ಒಂದು ಅಕ್ಷರ ಆಚೀಚೆಯಿಂದ ಓದಲು ಶುರು ಮಾಡಿದರೆ ಬೇರೆಯೇ ಪದ ಬರುತ್ತದೆ.

ಅಳಿಯನ ಫೈಲಿನಲ್ಲೇ ಉದಾಹರಣೆ ಇತ್ತು. ಟಿಕೆಟಿನ ಮೊತ್ತಕ್ಕೆ ಮಿತಿ ಹೇಳುವ ಒಂದು ಫಂಕ್ಷನ್, ಅದು ಮಾಡುವುದು 1000 ಅಂತ ವಾಪಸ್ ಕೊಡುವುದು, ಅಷ್ಟೇ. -ಒ2 ಹಾಕಿ ಕಂಪೈಲ್ ಮಾಡಿದರೆ ಎಂಡ್‌ಬಿಆರ್64ರ ನಾಲ್ಕು ಬೈಟು ಆದ ಮೇಲೆ ಹೀಗಿರುತ್ತದೆ: ಬಿ8 ಇ8 03 00 00, ಆಮೇಲೆ ಸಿ3. ಬಿ8 ಅಂದರೆ ಇಎಎಕ್ಸ್‌ಗೆ ಮುಂದಿನ ಸಂಖ್ಯೆ ಹಾಕು. ಸಂಖ್ಯೆ 1000, ಹದಿನಾರರ ಲೆಕ್ಕದಲ್ಲಿ 3ಇ8. ಈ ಪ್ರೊಸೆಸರ್ ಸಂಖ್ಯೆಗಳನ್ನು ಬಾಲದಿಂದ ಬರೆಯುತ್ತದೆ, ಹಾಗಾಗಿ ಇ8 ಮೊದಲು, 03 ಆಮೇಲೆ. ಈಗ ಬೇಕೆಂದೇ ಒಂದು ಬೈಟು ತಪ್ಪಿಸಿ, --ಸ್ಟಾರ್ಟ್-ಅಡ್ರೆಸ್=5 ಎಂದು ಕೊಟ್ಟು ಓದಿಸಿ (ಇಲ್ಲೂ ಈ ಫಂಕ್ಷನ್ ಒಂದನ್ನೇ ಸೊನ್ನೆಯಿಂದ ಎಣಿಸಿದ್ದೇನೆ). ಇ8 ಸಿಕ್ಕಿತು. ಇ8 ಅಂದರೆ ಏನು ಅಂತ ಮೇಲೆ ನೋಡಿದ್ದೇವೆ, ಕಾಲ್! ಮುಂದಿನ ನಾಲ್ಕು ಬೈಟು 03 00 00 ಸಿ3 ಅದರ ದೂರ ಆಗಿಬಿಟ್ಟಿತು. ಸಾವಿರ ರೂಪಾಯಿ ಮಾಯವಾಗಿ, ಎಲ್ಲೋ ಇಲ್ಲದ ಊರಿಗೆ ಒಂದು ಕಾಲ್ ಹುಟ್ಟಿಕೊಂಡಿತು, ಕೊನೆಯ ರೆಟ್ಟನ್ನೂ ನುಂಗಿತು.

ಆಬ್ಜ್‌ಡಂಪ್ ಮೇಲಿನಿಂದ ಕೆಳಕ್ಕೆ ನೇರವಾಗಿ ಓದುತ್ತಾ ಹೋಗುತ್ತದೆ, ಎಲ್ಲಿಗೆ ಹಾರುತ್ತದೆ ಅಂತ ಹಿಂಬಾಲಿಸುವುದಿಲ್ಲ. ಒಳ್ಳೇ ಕಂಪೈಲರಿನಿಂದ ಬಂದ ಆಬ್ಜೆಕ್ಟ್ ಫೈಲಿಗೆ ಇದು ಸಾಕು, ಯಾಕೆಂದರೆ ಫಂಕ್ಷನ್ ಎಲ್ಲಿ ಶುರು ಅಂತ ಹೆಸರುಗಳ ಪಟ್ಟಿ ಹೇಳುತ್ತದೆ. ಸ್ಟ್ರಿಪ್ ಮಾಡಿ ಹೆಸರು ಅಳಿಸಿದ ಪ್ರೋಗ್ರಾಮಿನಲ್ಲಿ, ಅಥವಾ ಕೋಡಿನ ನಡುವೆ ಡೇಟಾ ತುರುಕಿದ ಕಡೆ, ಹುಷಾರಾಗಿರಬೇಕು. 64 ಬಿಟ್ಟಿನ ಆರ್ಮ್‌ನಲ್ಲಿ ಈ ಗೋಳು ಕಡಿಮೆ, ಅಲ್ಲಿ ಪ್ರತಿ ಸೂಚನೆಯೂ ನಾಲ್ಕೇ ಬೈಟು.

ಬೇರೆ ಪ್ರೊಸೆಸರ್ ಅಂದಾಗ ನೆನಪಾಯಿತು. ನಮ್ಮ ತೋಟದ ಪಂಪಿಗೆ ನಾನು ಒಂದು ಆರ್ಡುಯಿನೋ ಕೂರಿಸಿದ್ದೇನೆ. ಅದರ ಚಿಪ್ ಎವಿಆರ್, ಲ್ಯಾಪ್‌ಟಾಪಿನ ಆಬ್ಜ್‌ಡಂಪಿಗೆ ಆ ಭಾಷೆ ಬರುವುದಿಲ್ಲ. ಎವಿಆರ್-ಆಬ್ಜ್‌ಡಂಪ್ ಎಂದು ಬೇರೆಯೇ ಇದೆ. ಚಿಪ್ಪಿಗೆ ಹಾಕುವ ಹೆಕ್ಸ್ ಫೈಲಿನಲ್ಲಿ ಕೋಣೆಗಳ ಹೆಸರೂ ಇಲ್ಲ, ಯಾವ ಪ್ರೊಸೆಸರ್ ಅಂತಲೂ ಬರೆದಿಲ್ಲ, ಅದಕ್ಕೆ -ಎಂ ಎವಿಆರ್ ಅಂತ ಸಣ್ಣ ಎಂನಲ್ಲಿ ಹೇಳಿ, ಅಲ್ಲಿ ದೊಡ್ಡ ಡಿ ಹಾಕಲೇಬೇಕು. ಮ್ಯಾಕ್ ಇದ್ದವರಿಗೆ ಸಿಗುವುದು ಎಲ್‌ಎಲ್‌ವಿಎಂನ ಆಬ್ಜ್‌ಡಂಪ್, ಆಪ್ಷನ್ನುಗಳು ಹೆಚ್ಚುಕಡಿಮೆ ಇವೇ.

ಹೀಗೆ ಹತ್ತಾರು ಬಗೆಯ ಫೈಲುಗಳನ್ನು ಓದಲು ಗ್ನೂ ಆಬ್ಜ್‌ಡಂಪ್ ಒಳಗಿಂದ ನೆಚ್ಚಿಕೊಂಡಿರುವ ಲೈಬ್ರರಿಯ ಹೆಸರು ಬಿಎಫ್‌ಡಿ. ಹೆಸರು ಬಂದ ಕಥೆ ಅದರ ಕೈಪಿಡಿಯಲ್ಲೇ ಇದೆ. ಇಂಥದ್ದೊಂದು ಮಾಡುವುದು ಬಹಳ ಕಷ್ಟ ಅಂತ ರಿಚರ್ಡ್ ಸ್ಟಾಲ್ಮನ್ ಹೇಳಿದ್ದಕ್ಕೆ ಡೇವಿಡ್ ವ್ಯಾಲೇಸ್ "ಬಿಎಫ್‌ಡಿ" ಅಂದರಂತೆ, ಅಂದರೆ 'ಓಹೋ, ಮಹಾ ದೊಡ್ಡ ಸಂಗತಿ' ಅನ್ನುವುದರ ಸ್ವಲ್ಪ ಪೋಲಿ ರೂಪ. ಸ್ಟಾಲ್ಮನ್ ಹೇಳಿದ್ದೇ ನಿಜವಾಯಿತು, ಹೆಸರು ಹಾಗೇ ಉಳಿಯಿತು. ಮರ್ಯಾದೆಯ ವಿಸ್ತರಣೆ ಬೈನರಿ ಫೈಲ್ ಡಿಸ್ಕ್ರಿಪ್ಟರ್.

ಅಳಿಯನ ಕೊನೆಯ ಆಸೆ ದೊಡ್ಡ ಎಸ್. ಇದು ಅಸೆಂಬ್ಲಿಯ ನಡುನಡುವೆ ಸಿ ಸಾಲುಗಳನ್ನೂ ತೋರಿಸುತ್ತದೆ, -ಜಿ ಹಾಕಿ ಕಂಪೈಲ್ ಮಾಡಿದ್ದರೆ. ಅವನು -ಜಿ ಹಾಕಿದ್ದ, ಖುಷಿಯಾಗಿ ಹೊಡೆದ. ಆದರೆ -ಜಿಯಿಂದ ಫೈಲಿನೊಳಗೆ ಸೇರುವುದು ಸೋರ್ಸ್ ಫೈಲಿನ ಹೆಸರು ಮತ್ತು ಸಾಲಿನ ನಂಬರು, ಸಾಲುಗಳಲ್ಲ. ಸಾಲು ಬೇಕಾದಾಗ ಆಬ್ಜ್‌ಡಂಪ್ ಹೋಗಿ ಟಿಕೆಟ್.ಸಿ ತೆರೆಯುತ್ತದೆ. ಅಲ್ಲಿ ಈಗ ಏನಿದೆ? ಸೋರ್ಸ್ ಫೈಲ್ ಆಬ್ಜೆಕ್ಟ್ ಫೈಲಿಗಿಂತ ಹೊಸದು ಅಂತ ಒಂದು ಎಚ್ಚರಿಕೆ ಕೊಟ್ಟು, ಸಿ ಸಾಲು ಇರಬೇಕಾದ ಕಡೆ ಮೆಷಿನ್ ಕೋಡಿನ ಕಸ ಸುರಿಯಿತು.

ಹಾಗಾಗಿ ಕೈಯಲ್ಲೇ ಬರೆಯಬೇಕಾಯಿತು. ಡಂಪನ್ನು ಒಂದು ಕಿಟಕಿಯಲ್ಲಿಟ್ಟುಕೊಂಡು, ಪಕ್ಕದಲ್ಲಿ ಹೊಸ ಫೈಲು. ಚಿಕ್ಕ ಪ್ರೋಗ್ರಾಂ, ಎರಡು ಗಂಟೆಯಲ್ಲಿ ಮುಗಿಸಿದ. ಸರಿಯಾಗಿದೆಯಾ ಅಂತ ಗೊತ್ತಾಗುವುದು ಹೇಗೆ ಅಂತ ಕೇಳಿದ. ಮೊದಲಿನ ಆಪ್ಷನ್ನುಗಳನ್ನೇ ಕೊಟ್ಟು ಹೊಸ ಒ ಫೈಲ್ ಮಾಡು, ಹಳೇದು ಹೊಸದು ಎರಡರದ್ದೂ -ಡಿ -ಆರ್ ಡಂಪ್ ತೆಗೆದು ಎರಡು ಫೈಲಿಗೆ ಹಾಕು, ಎರಡರ ವ್ಯತ್ಯಾಸ ತೋರಿಸುವ ಡಿಫ್ ಕಮಾಂಡ್ ಹೊಡೆ ಎಂದೆ. ಈ ಸಲ ಔಟ್‌ಪುಟ್ ಹೆಸರು ಎರಡು ಸಲ ಓದಿ ಎಂಟರ್ ಒತ್ತು ಅಂತಲೂ ಹೇಳಿದೆ.

ಫೈಲಿನ ಹೆಸರು ಬಿಟ್ಟರೆ ವ್ಯತ್ಯಾಸ ಬಂದದ್ದು ಒಂದೇ ಸಾಲಿನಲ್ಲಿ. ಹಳೇದರಲ್ಲಿ ಬಿ8 ಇ8 03 00 00, ಹೊಸದರಲ್ಲಿ ಬಿ8 64 00 00 00.

ಸ್ವಲ್ಪ ಹೊತ್ತು ಫೋನಿನಲ್ಲಿ ಮಳೆಯ ಸದ್ದು ಮಾತ್ರ ಕೇಳುತ್ತಿತ್ತು. ಆಮೇಲೆ ಅಂದ, "ಮಾವ, 64 ಅಂದ್ರೆ ನೂರು. ಒಂದು ಸೊನ್ನೆ ಬಿಟ್ಟಿದ್ದೆ."